ಗೋಡೆಗೆ ತೂಗುವ ಇತಿಹಾಸ: ಕಾಸರಗೋಡಿನ ಕನ್ನಡ ಶಾಲೆಗೆ ಯಾವ ಚಾರ್ಟ್ ಕೊಳ್ಳಬಹುದು?

ಜೂನ್ ಬಂತೆಂದರೆ ಕಾಸರಗೋಡು, ಕುಂಬಳೆ, ಬದಿಯಡ್ಕ, ಮಂಜೇಶ್ವರದ ಸ್ಟೇಷನರಿ ಅಂಗಡಿಗಳಿಗೆ ಇತಿಹಾಸದ ಚಾರ್ಟುಗಳು ಎರಡು ದಿಕ್ಕಿನಿಂದ ಬರುತ್ತವೆ. ಕನ್ನಡದವು ಮಂಗಳೂರಿನ ಕಡೆಯಿಂದ, ಮಲಯಾಳದವು ಕಣ್ಣೂರು, ಕೋಝಿಕ್ಕೋಡಿನ ಕಡೆಯಿಂದ. ಬಣ್ಣ, ಕಾಗದ, ಬೆಲೆ ಎಲ್ಲದರಲ್ಲೂ ಹೆಚ್ಚುಕಡಿಮೆ ಒಂದೇ. ಇನ್ನೊಂದು ವಿಷಯದಲ್ಲೂ ಎರಡೂ ಒಂದೇ: ಎರಡರಲ್ಲೂ ಕಾಸರಗೋಡು ಇರುವುದಿಲ್ಲ.

ಕಾರಣ ಸರಳ. ಕನ್ನಡದ ಚಾರ್ಟು ಏಕೀಕರಣ ಎಂದಾಗ ಹಳೆ ಮೈಸೂರು, ಮುಂಬಯಿ ಕರ್ನಾಟಕ, ಹೈದರಾಬಾದ್ ಕರ್ನಾಟಕ, ಕೊಡಗು ಮತ್ತು ಮದ್ರಾಸಿನಿಂದ ಬಂದ ಭಾಗಗಳನ್ನು ಬಣ್ಣ ಹಾಕಿ ತೋರಿಸುತ್ತದೆ. ದಕ್ಷಿಣ ಕನ್ನಡದ ಬಣ್ಣ ತಲಪಾಡಿಗೆ ಬಂದು ನಿಲ್ಲುತ್ತದೆ. ಮಲಯಾಳದ ಚಾರ್ಟಿನಲ್ಲಿ ಕೇರಳವೆಂದರೆ ತಿರುವಿದಾಂಕೂರು, ಕೊಚ್ಚಿ, ಮಲಬಾರ್ ಎಂಬ ಮೂರು ತುಂಡು. 1956ರ ಅಕ್ಟೋಬರ್ ಕೊನೆಯವರೆಗೆ ಕಾಸರಗೋಡು ತಾಲೂಕು ಇದ್ದದ್ದು ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ. ತಿರುವಿದಾಂಕೂರಿಗೂ ಕೊಚ್ಚಿಗೂ ಮಲಬಾರಿಗೂ ಸೇರಿದ್ದಲ್ಲ. ಹೀಗಾಗಿ ಎಣ್ಮಕಜೆಯ ಎಂಟನೇ ಕ್ಲಾಸಿನ ಹುಡುಗಿ ಯಾವ ಚಾರ್ಟಿನ ಮುಂದೆ ನಿಂತರೂ ಅವಳ ಊರಿಗೆ ಇತಿಹಾಸವೇ ಇಲ್ಲ. ದೇಶದ ಇತಿಹಾಸ ಎಂದರೆ ದೂರದಲ್ಲಿ, ಬೇರೆಯವರಿಗೆ ಆದದ್ದು ಎಂಬ ಭಾವನೆ ಮಕ್ಕಳಲ್ಲಿ ಬೇರೂರುವುದು ಇಲ್ಲಿಂದಲೇ.

ಈ ಹಿನ್ನೆಲೆಯಲ್ಲಿ ಪೇಟೆಯಲ್ಲಿ ಸಿಗುವ ಸರಕನ್ನು ಒಂದೊಂದಾಗಿ ನೋಡೋಣ. ಪಿಟಿಎ (ಶಿಕ್ಷಕ-ರಕ್ಷಕ ಸಂಘ) ಕೊಡುವ ದುಡ್ಡು ಎಲ್ಲ ಕಡೆಯೂ ಅಷ್ಟಕ್ಕಷ್ಟೆ. ಅದನ್ನು ಎಲ್ಲಿ ಹಾಕಬೇಕು ಎಂಬುದೇ ಪ್ರಶ್ನೆ.

ಹೆಚ್ಚು ಖರ್ಚಾಗುವುದು ಸ್ವಾತಂತ್ರ್ಯ ಹೋರಾಟಗಾರರ ಭಾವಚಿತ್ರದ ಚಾರ್ಟು. ಸುಮಾರು 20×30 ಇಂಚಿನ ಹಾಳೆ, ಅದರಲ್ಲಿ ಹದಿನಾರೋ ಇಪ್ಪತ್ತೋ ಮುಖ, ಕೆಳಗೆ ಹೆಸರು. ಗೋಡೆಗೆ ಹಾಕುವುದಕ್ಕೆ ಇದು ದಂಡ. ಎರಡನೇ ಬೆಂಚಿನಿಂದಾಚೆಗೆ ಹೆಸರು ಓದಲು ಆಗುವುದಿಲ್ಲ. ಪ್ರಾಜೆಕ್ಟ್ ಪುಸ್ತಕಕ್ಕೆ ಕತ್ತರಿಸಿ ಅಂಟಿಸಲಿಕ್ಕೆ ಮಾತ್ರ ಉಪಯೋಗ, ಮಕ್ಕಳು ಕೊಳ್ಳುವುದೂ ಅದಕ್ಕೇ. ಆದರೆ ಇದರಿಂದ ಒಂದು ಒಳ್ಳೆಯ ಪಾಠ ಮಾಡಬಹುದು. ಫೋಟೋ ತೆಗೆಯುವ ವಿದ್ಯೆ ಜಗತ್ತಿಗೆ ಪ್ರಕಟವಾದದ್ದು 1839ರಲ್ಲಿ. ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಿದ್ದು 1831ರಲ್ಲಿ. ಹಾಗಾದರೆ ಚಾರ್ಟಿನಲ್ಲಿರುವ ರಾಯಣ್ಣನ ಮುಖ ಎಲ್ಲಿಂದ ಬಂತು? ಉಳ್ಳಾಲದ ಅಬ್ಬಕ್ಕನ ಮುಖ? ಹಾಳೆಯನ್ನು ಕತ್ತರಿಸಿ ಫೋಟೋ ಇರುವವರನ್ನು ಒಂದು ಕಡೆ, ಆಯಾ ಕಾಲದಲ್ಲೇ ಬರೆದ ಚಿತ್ರ ಇರುವವರನ್ನು ಇನ್ನೊಂದು ಕಡೆ, ನಂತರದ ಚಿತ್ರಕಾರ ಊಹಿಸಿ ಬರೆದವರನ್ನು ಮತ್ತೊಂದು ಕಡೆ ಇಡಿ ಎಂದು ಹೇಳಿ. ಟಿಪ್ಪು ಎರಡನೇ ಗುಂಪಿಗೆ ಹೋಗುತ್ತಾನೆ, ಗಾಂಧೀಜಿ ಒಂದನೆಯದಕ್ಕೆ. ಒಂದು ಪೀರಿಯಡ್ ಹೋದದ್ದೇ ತಿಳಿಯುವುದಿಲ್ಲ. ಚಾರ್ಟು ತಯಾರಿಸಿದವರು ಇದನ್ನೆಲ್ಲ ಯೋಚಿಸಿರಲಾರರು, ಆದರೂ ಹತ್ತಿಪ್ಪತ್ತು ರೂಪಾಯಿಗೆ ಇದಕ್ಕಿಂತ ಒಳ್ಳೆಯ ಸಾಮಗ್ರಿ ಸಿಗಲಿಕ್ಕಿಲ್ಲ.

ಎರಡನೆಯದು ರೆಕ್ಸಿನ್ ಅಥವಾ ಲ್ಯಾಮಿನೇಶನ್ ಮಾಡಿದ, ಮೇಲೆ ಕೆಳಗೆ ಕೋಲು ಹಾಕಿ ಸುತ್ತಿಡುವ ಗೋಡೆ ನಕಾಶೆ. ಇದು ಬೇಕೇ ಬೇಕು. ಆದರೆ ಕೊಳ್ಳುವಾಗ ಕಣ್ಣು ತೆರೆದಿರಲಿ, ಅಂಗಡಿಯವರು ಹಳೆ ಸ್ಟಾಕನ್ನು ಮೊದಲು ದಾಟಿಸುತ್ತಾರೆ. ಅಂಗಡಿಯಲ್ಲೇ ಬಿಚ್ಚಿ ಮೂರು ಜಾಗ ನೋಡಿ. ತೆಲಂಗಾಣ ಬೇರೆ ಬಣ್ಣದಲ್ಲಿದೆಯೇ? ಅದು 2014ರ ಜೂನ್ 2ರದು. ಲಡಾಖ್ ಜಮ್ಮು ಕಾಶ್ಮೀರದಿಂದ ಬೇರೆಯಾಗಿದೆಯೇ? ಅದು 2019ರ ಅಕ್ಟೋಬರ್ 31. ದಮನ್ ದೀವ್ ಮತ್ತು ದಾದ್ರಾ ನಗರ್ ಹವೇಲಿ ಒಂದೇ ಬಣ್ಣದಲ್ಲಿದೆಯೇ? ಅದು 2020ರ ಜನವರಿ 26. ಮೂರೂ ಸರಿಯಿದ್ದರೆ ನಕಾಶೆಯಲ್ಲಿ 28 ರಾಜ್ಯ, 8 ಕೇಂದ್ರಾಡಳಿತ ಪ್ರದೇಶ ಬರಬೇಕು. 29 ಮತ್ತು 7 ಎಂದು ಬರೆದಿದ್ದರೆ ಅದು ಆರೇಳು ವರ್ಷ ಕಪಾಟಿನಲ್ಲಿ ಕೂತ ಮಾಲು. ಇಂಟರ್ನೆಟ್ಟಿನಿಂದ ಸಿಕ್ಕಿದ ನಕಾಶೆಯನ್ನು ಇಳಿಸಿ ಪ್ರಿಂಟ್ ಹಾಕಿಸುವ ಉಸಾಬರಿಗೆ ಹೋಗಬೇಡಿ. ವಿದೇಶಿ ತಾಣಗಳ ನಕಾಶೆಯಲ್ಲಿ ಉತ್ತರದ ಗಡಿ ಚುಕ್ಕೆ ಗೆರೆಯಲ್ಲಿ ಇರುತ್ತದೆ, ಅದು ಶಾಲೆಯ ಗೋಡೆಗೆ ಬಂದರೆ ತಲೆನೋವು. ಆಧಾರಕ್ಕೆ ಸರ್ವೇ ಆಫ್ ಇಂಡಿಯಾದ ನಕಾಶೆಯನ್ನೇ ಇಟ್ಟುಕೊಳ್ಳಿ.

ನಕಾಶೆಯನ್ನು ಸುತ್ತುವುದಕ್ಕೂ ಒಂದು ಕ್ರಮ ಇದೆ. ಚಿತ್ರದ ಬದಿ ಹೊರಗೆ ಬರುವಂತೆ ಸುತ್ತಿಡಬೇಕು. ಆಗ ತೂಗಿಸಿದಾಗ ಅಂಚು ಗೋಡೆಯ ಕಡೆಗೆ ಬಾಗಿ ನಕಾಶೆ ಚಪ್ಪಟೆಯಾಗಿ ನಿಲ್ಲುತ್ತದೆ. ಒಳಗೆ ಬರುವಂತೆ ಸುತ್ತಿದರೆ ಕನ್ಯಾಕುಮಾರಿ ಸದಾ ಮೇಲೆ ಮುದುಡಿಕೊಂಡಿರುತ್ತದೆ. ಮಡಚಲೇಬಾರದು, ಲ್ಯಾಮಿನೇಶನ್ ಮಡಿಕೆಯಲ್ಲಿ ಒಡೆದರೆ ಆ ಬಿರುಕಿನಿಂದಲೇ ಜಡಿಮಳೆಯ ಆಟಿ ತಿಂಗಳಲ್ಲಿ ತೇವ ಒಳಗೆ ಹೋಗಿ ಕಪ್ಪು ಬೂಷ್ಟು ಹಿಡಿಯುತ್ತದೆ.

ಇತಿಹಾಸದ ನಕಾಶೆಗಳ ದೊಡ್ಡ ದೋಷ ಬೇರೆಯೇ ಇದೆ. 1857ರ ದಂಗೆಯ ಕೇಂದ್ರಗಳು ಎಂಬ ನಕಾಶೆಯಲ್ಲಿ ಮೀರತ್, ಕಾನ್ಪುರ, ಝಾನ್ಸಿಗೆ ಕೆಂಪು ಚುಕ್ಕೆ ಇಟ್ಟಿರುತ್ತಾರೆ, ಕೆಳಗೆ ಗೆರೆ ಮಾತ್ರ ಇವತ್ತಿನ ರಾಜ್ಯಗಳದು. ಮಕ್ಕಳು ಇದನ್ನು ನೋಡಿ ಕೇರಳ, ಕರ್ನಾಟಕ, ಉತ್ತರಪ್ರದೇಶ ಎಲ್ಲ ಅನಾದಿ ಕಾಲದಿಂದಲೂ ಹೀಗೇ ಇದ್ದವು ಎಂದುಕೊಳ್ಳುತ್ತಾರೆ. ಪರೀಕ್ಷೆಯಲ್ಲಿ ‘ಹೈದರಾಲಿ ಕೇರಳಕ್ಕೆ ಸೇರಿದ ಬೇಕಲವನ್ನು ಗೆದ್ದ’ ಎಂದು ಬರೆಯುವುದು ಇದರಿಂದಲೇ. ಅದಕ್ಕೆ ಒಂದು ರಾಜಕೀಯ ನಕಾಶೆಯ ಜೊತೆ ರಾಜ್ಯಗಳ ಗೆರೆಯೇ ಇಲ್ಲದ, ನದಿ ಮತ್ತು ಕರಾವಳಿ ಮಾತ್ರ ಇರುವ ಇನ್ನೊಂದನ್ನು ಕೊಳ್ಳಿ. ಅದರ ಮೇಲೆ ಸ್ಕೆಚ್ ಪೆನ್ನಿನಲ್ಲಿ ಬರೆದು ಒರೆಸಬಹುದಾದರೆ ಇನ್ನೂ ಒಳ್ಳೆಯದು. ಕೊಳ್ಳುವ ಮೊದಲು ಮೂಲೆಯಲ್ಲಿ ವೈಟ್‌ಬೋರ್ಡ್ ಮಾರ್ಕರಿನಿಂದ ಒಂದು ಗೀಟು ಹಾಕಿ ಒರೆಸಿ ನೋಡಿ, ಮ್ಯಾಟ್ ಲ್ಯಾಮಿನೇಶನ್ ಆದರೆ ಕಲೆ ಉಳಿಯುತ್ತದೆ.

ಮೂರನೆಯದು ಮುದ್ರಿತ ಕಾಲರೇಖೆ. ಇದನ್ನು ಕೊಳ್ಳಬೇಡಿ. ಹರಪ್ಪದಿಂದ ಇಂದಿನವರೆಗೆ ಎಂದು ನಾಲ್ಕಡಿ ಉದ್ದದ ಪಟ ಬರುತ್ತದೆ. ಲೆಕ್ಕ ಹಾಕಿ ನೋಡಿ: 4500 ವರ್ಷವನ್ನು 122 ಸೆಂ.ಮೀ.ಗೆ ಇಳಿಸಿದರೆ 1857ರಿಂದ 1947ರವರೆಗಿನ ಇಡೀ ಕಾಲ ಎರಡೂವರೆ ಸೆಂ.ಮೀ. ಒಳಗೆ ಮುಗಿಯಬೇಕು. ಅಷ್ಟರಲ್ಲಿ ಏನನ್ನೂ ಬರೆಯಲು ಆಗುವುದಿಲ್ಲ. ಅದಕ್ಕೆ ಮುದ್ರಕರು ಏನು ಮಾಡುತ್ತಾರೆಂದರೆ ನಡುವೆ ಎಲ್ಲೋ ಅಳತೆಯನ್ನು ಬದಲಿಸಿಬಿಡುತ್ತಾರೆ, ಬದಲಿಸಿದ್ದೇವೆ ಎಂದು ಗುರುತೂ ಹಾಕುವುದಿಲ್ಲ. ಇನ್ನು ಕೆಲವಲ್ಲಿ ಅಳತೆಯೇ ಇಲ್ಲ, ಎಲ್ಲ ಘಟನೆಗೂ ಒಂದೇ ಗಾತ್ರದ ಚೌಕ. 1857ರಿಂದ 1885ಕ್ಕೆ 28 ವರ್ಷ, 1919ರಿಂದ 1920ಕ್ಕೆ ಒಂದು ವರ್ಷ, ಚಾರ್ಟಿನಲ್ಲಿ ಎರಡಕ್ಕೂ ಅರ್ಧ ಗೇಣು. ಕಾಲರೇಖೆಯ ಏಕಮಾತ್ರ ಕೆಲಸ ಕಾಲದ ಅಂತರವನ್ನು ಕಣ್ಣಿಗೆ ಕಾಣಿಸುವುದು. ಅದನ್ನೇ ಮಾಡದಿದ್ದರೆ ಅದು ಇಸವಿಗಳ ಪಟ್ಟಿ ಅಷ್ಟೆ, ಪಟ್ಟಿ ಪಠ್ಯಪುಸ್ತಕದಲ್ಲೇ ಇದೆ.

ಪ್ರೊಜೆಕ್ಟರ್ ಇರುವಾಗ ಗೋಡೆ ಪಟ ಯಾಕೆ ಎಂದು ಕೇಳುವವರಿದ್ದಾರೆ. ಕೇರಳದ ಸರಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ 8ರಿಂದ 12ನೇ ತರಗತಿಯವರೆಗಿನ 45,000 ಕ್ಲಾಸುಗಳಿಗೆ ಕೈಟ್ ಎಂಬ ಸರಕಾರಿ ಶಾಲಾ ತಂತ್ರಜ್ಞಾನ ಸಂಸ್ಥೆಯ ಮೂಲಕ ಲ್ಯಾಪ್‌ಟಾಪ್, ಪ್ರೊಜೆಕ್ಟರ್ ಬಂದಿದೆ, ಅದರದೇ ಸಮಗ್ರ ಪೋರ್ಟಲಿನಲ್ಲಿ ಕನ್ನಡ ಮಾಧ್ಯಮದ ಪಠ್ಯಪುಸ್ತಕವೂ ಸಿಗುತ್ತದೆ. ಇವನ್ನು ಬಳಸಲೇಬೇಕು, ಹಳೆಯ ದಾಖಲೆ, ಪತ್ರಿಕೆಯ ಪುಟ, ಫೋಟೋ ದೊಡ್ಡದಾಗಿ ತೋರಿಸುವುದಕ್ಕೆ ಇದರಷ್ಟು ಒಳ್ಳೆಯ ಸಾಧನ ಇಲ್ಲ. ಆದರೆ ಎರಡು ಎಚ್ಚರಿಕೆ. ಕೋವಿಡ್ ಕಾಲದಲ್ಲಿ, 2020ರ ಜೂನ್‌ನಲ್ಲಿ, ಆರಂಭವಾದ ಫಸ್ಟ್ ಬೆಲ್ ಆನ್‌ಲೈನ್ ಕ್ಲಾಸುಗಳ ಕನ್ನಡ ವಿಡಿಯೊಗಳು ಈಗಲೂ ಯೂಟ್ಯೂಬಿನಲ್ಲಿ ಕಾಣಸಿಗುತ್ತವೆ. ಅವು ಹಳೆ ಪಠ್ಯಕ್ಕೆ ಮಾಡಿದವು. 2024ರಲ್ಲಿ 1, 3, 5, 7, 9ನೇ ತರಗತಿಗೂ 2025ರಲ್ಲಿ 2, 4, 6, 8, 10ನೇ ತರಗತಿಗೂ ಹೊಸ ಪುಸ್ತಕ ಬಂದಿದೆ. ಹಳೆ ವಿಡಿಯೊ ಹಾಕಿದರೆ ಪಾಠದ ಕ್ರಮ ತಪ್ಪುತ್ತದೆ, ಮಕ್ಕಳು ಪುಸ್ತಕ ಯಾವುದು ವಿಡಿಯೊ ಯಾವುದು ಎಂದು ತಡಕಾಡುತ್ತಾರೆ. ಕರ್ನಾಟಕದ ಪಠ್ಯಕ್ಕೆ ಮಾಡಿದ ವಿಡಿಯೊ ಮತ್ತು ಗೈಡುಗಳದೂ ಇದೇ ಕಥೆ, ಭಾಷೆ ನಮ್ಮದಾದರೂ ಅಧ್ಯಾಯಗಳು ಹೊಂದುವುದಿಲ್ಲ. ಎರಡನೆಯದು, ಸ್ಲೈಡು ಮುಂದೆ ಹೋದ ಮೇಲೆ ಹಿಂದಿನದು ಕಣ್ಣಿಂದ ಮರೆ. ಕಾಲದ ಉದ್ದ ಮನಸ್ಸಿಗೆ ಇಳಿಯಬೇಕಾದರೆ ಇಡೀ ಗೆರೆ ವರ್ಷವಿಡೀ ಗೋಡೆಯ ಮೇಲೆ ಇರಬೇಕು. ಮಧ್ಯಾಹ್ನ ಊಟದ ಹೊತ್ತಿಗೆ ಯಾರೂ ಹೇಳದೆ ಅದರ ಮುಂದೆ ನಿಂತು ನೋಡುವವರು ಇದ್ದೇ ಇರುತ್ತಾರೆ.

ಹಾಗಾದರೆ ಕೊಳ್ಳಬೇಕಾದದ್ದು ಏನು? ಖಾಲಿ ಕಾಲರೇಖೆ. ಇದು ಅಂಗಡಿಯಲ್ಲಿ ಸಿದ್ಧವಾಗಿ ಸಿಗುವುದಿಲ್ಲ, ಬ್ಯಾನರ್ ಮಾಡುವಲ್ಲಿ ಮಾಡಿಸಬೇಕು. ಒಂದು ವರ್ಷಕ್ಕೆ ಒಂದು ಸೆಂ.ಮೀ., ಅಳತೆ ಇಷ್ಟೆ. 1490ರಿಂದ 2030ರವರೆಗೆ 540 ಸೆಂ.ಮೀ. ಆಗುತ್ತದೆ. 18 ಅಡಿ ಉದ್ದ, 2 ಅಡಿ ಅಗಲ ಎಂದು ಆರ್ಡರ್ ಕೊಟ್ಟರೆ ಎರಡೂ ತುದಿಯಲ್ಲಿ ನಾಲ್ಕು ಸೆಂ.ಮೀ. ಉಳಿಯುತ್ತದೆ. ಇಪ್ಪತ್ತಡಿಯ ಗೋಡೆಗೆ ಸರಿಯಾಗಿ ಕೂರುತ್ತದೆ. 1490 ಯಾಕೆಂದರೆ ವಾಸ್ಕೋ ಡ ಗಾಮಾ ಕೋಝಿಕ್ಕೋಡಿಗೆ ಬಂದದ್ದು 1498ರಲ್ಲಿ, 1500ರಿಂದ ಶುರುಮಾಡಿದರೆ ಆತ ಪಟದ ಹೊರಗೆ ಸಮುದ್ರದಲ್ಲೇ ಉಳಿಯುತ್ತಾನೆ. ನಡುವೆ 8 ಸೆಂ.ಮೀ. ಅಗಲದ ಪಟ್ಟಿ ಇರಲಿ, ಅದರಲ್ಲಿ ಪ್ರತಿ ವರ್ಷಕ್ಕೂ ಸಣ್ಣ ಗೀಟು, ಹತ್ತು ವರ್ಷಕ್ಕೆ ದೊಡ್ಡದು, ನೂರಕ್ಕೆ ಪೂರ್ತಿ ಉದ್ದದ ಗೆರೆ ಮತ್ತು ಕನಿಷ್ಠ 4 ಸೆಂ.ಮೀ. ಎತ್ತರದ ಅಂಕಿ. ಪಟ್ಟಿಯ ಮೇಲಿನ ಭಾಗ ‘ದೇಶ’, ಕೆಳಗಿನ ಭಾಗ ‘ನಮ್ಮ ನೆಲ’. ಬೇರೇನೂ ಮುದ್ರಿಸಬೇಡಿ. ಅಂಗಡಿಯ ಹುಡುಗ ಖಾಲಿ ಕಂಡು ಬೇಸರಪಟ್ಟು ಮೂಲೆಯಲ್ಲಿ ತ್ರಿವರ್ಣ ಧ್ವಜ, ಪಾರಿವಾಳ, ಕೆಂಪು ಕೋಟೆ ಸೇರಿಸಿಕೊಡುತ್ತೇನೆ ಎನ್ನುತ್ತಾನೆ. ಬೇಡವೆನ್ನಿ.

ಕೇರಳದಲ್ಲಿ ಪಿವಿಸಿ ಫ್ಲೆಕ್ಸ್‌ಗೆ ನಿಷೇಧ ಇರುವುದರಿಂದ ಬಟ್ಟೆಯ ಮೇಲೆ ಮುದ್ರಿಸುವುದೇ ದಾರಿ, ಕ್ಲಾಸಿಗೆ ಅದೇ ಮೇಲು. ಫ್ಲೆಕ್ಸ್ ಹೊಳೆಯುತ್ತದೆ, ಕಿಟಕಿಯ ಎದುರಿನ ಗೋಡೆಯಾದರೆ ಅರ್ಧ ಕ್ಲಾಸಿಗೆ ಬೆಳಕು ಮಾತ್ರ ಕಾಣುತ್ತದೆ. ದರ ಚದರ ಅಡಿ ಲೆಕ್ಕ, ಇದು 36 ಚದರ ಅಡಿ. ಹೊಲಿಗೆ ಮತ್ತು ಬಳೆ ತೂತಿಗೆ ಬೇರೆ ಹಣ ಕೇಳಬಹುದು, ಮೊದಲೇ ಮಾತಾಡಿಕೊಳ್ಳಿ. ಮೇಲಂಚಿನಲ್ಲಿ ಎರಡಡಿಗೊಂದರಂತೆ ಹತ್ತು ತೂತು ಸಾಕು. ತೂತಿನ ಬಳೆ ಕಬ್ಬಿಣದ್ದಾಗಬಾರದು, ಹಿತ್ತಾಳೆ ಅಥವಾ ಅಲ್ಯೂಮಿನಿಯಂ ಕೇಳಿ. ಕಡಲ ಗಾಳಿಗೆ ಕಬ್ಬಿಣ ಒಂದೇ ಮಳೆಗಾಲದಲ್ಲಿ ತುಕ್ಕು ಹಿಡಿದು ಬಟ್ಟೆಯ ಮೇಲೆ ಕಂದು ನೀರು ಇಳಿಸುತ್ತದೆ.

ಮುದ್ರಣದಲ್ಲಿ ಕೆಡುವುದು ಎರಡು ಕಡೆ. ಮೊದಲನೆಯದು ಅಕ್ಷರ. ಯೂನಿಕೋಡಿನಲ್ಲಿ ಟೈಪ್ ಮಾಡಿದ್ದನ್ನು ಅಂಗಡಿಯ ಹಳೆಯ ಡಿಸೈನ್ ಸಾಫ್ಟ್‌ವೇರಿಗೆ ಅಂಟಿಸಿದರೆ ಒತ್ತಕ್ಷರ ಬಿಚ್ಚಿಹೋಗುತ್ತದೆ. ಪರೀಕ್ಷೆಗೆ ‘ಸ್ವಾತಂತ್ರ್ಯ’ ಎಂಬ ಒಂದು ಪದ ಸಾಕು, ಕೊನೆಯ ಅಕ್ಷರದ ಎರಡು ಒತ್ತು ತಮ್ಮ ಜಾಗದಲ್ಲಿ ಕೂತರೆ ಉಳಿದದ್ದೆಲ್ಲ ಸರಿಯಾಗಿಯೇ ಬರುತ್ತದೆ. ಕಾಞಂಗಾಡಿನ ಹೊಸದುರ್ಗದಿಂದ ದಕ್ಷಿಣಕ್ಕೆ ಕನ್ನಡ ಓದುವ ಡಿಟಿಪಿಯವರು ಸಿಗುವುದು ಕಷ್ಟ, ತಪ್ಪಾದರೂ ಅವರಿಗೆ ಗೊತ್ತಾಗುವುದಿಲ್ಲ, ಅದು ಅವರ ತಪ್ಪೂ ಅಲ್ಲ. ಹಾಗಾಗಿ ವರ್ಡ್ ಫೈಲ್ ಕೊಡಬೇಡಿ. ಫಾಂಟ್ ಒಳಗೆ ಸೇರಿಸಿದ ಪಿಡಿಎಫ್ ಕೊಡಿ, ಅಥವಾ ನಿಜ ಅಳತೆಗೆ 100 ಡಿಪಿಐಯಲ್ಲಿ ಚಿತ್ರವಾಗಿ ಮಾಡಿ ಕೊಡಿ. 216 ಇಂಚು ಉದ್ದಕ್ಕೆ 21,600 ಪಿಕ್ಸೆಲ್, 24 ಇಂಚು ಅಗಲಕ್ಕೆ 2,400. ವಾಟ್ಸಾಪಿನಲ್ಲಿ ಫೋಟೋ ಆಗಿ ಕಳಿಸಿದರೆ ಕುಗ್ಗಿಬಿಡುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಿ ಅಥವಾ ಪೆನ್‌ಡ್ರೈವ್ ಒಯ್ಯಿರಿ.

ಎರಡನೆಯದು ಅಳತೆ. ಬ್ಯಾನರಿನವರಿಗೆ ಒಂದಿಂಚು ಆಚೀಚೆ ಆದರೆ ಲೆಕ್ಕಕ್ಕಿಲ್ಲ, ಬಟ್ಟೆಯ ಗಾತ್ರಕ್ಕೆ ಎಳೆದು ಹೊಂದಿಸಿಬಿಡುತ್ತಾರೆ. ಮದುವೆ ಬ್ಯಾನರಿಗೆ ಅದು ನಡೆಯುತ್ತದೆ, ಇಲ್ಲಿ ನಡೆಯದು. ದುಡ್ಡು ಕೊಡುವ ಮೊದಲು ಮೀಟರ್ ಟೇಪ್ ಹಿಡಿದು 1600ರಿಂದ 1700ಕ್ಕೆ ಅಳೆಯಿರಿ. ಸರಿಯಾಗಿ ಒಂದು ಮೀಟರ್ ಇರಬೇಕು. 99 ಬಂದರೆ ಸುಧಾರಿಸಬಹುದು, 96 ಬಂದರೆ ವಾಪಸ್ ಕೊಡಿ. ಮಕ್ಕಳು ಸ್ಕೇಲಿಟ್ಟು ವರ್ಷ ಎಣಿಸುವ ಪಟದಲ್ಲಿ ಸ್ಕೇಲೇ ಸುಳ್ಳಾಗಬಾರದು.

ತೂಗುಹಾಕುವುದು. ಹಳೆ ಶಾಲೆಗಳ ಗೋಡೆ ಮುರಕಲ್ಲಿನದು, ಮೇಲೆ ಸುಣ್ಣದ ಗಾರೆ. ಮೊಳೆ ಹೊಡೆದರೆ ಗಾರೆ ಸಮೇತ ಉದುರುತ್ತದೆ. ಬಟ್ಟೆಯ ಉದ್ದಕ್ಕೂ ಒಂದು ಮರದ ರೀಪು ಕೂರಿಸಿ, ಮೂರು ಕಡೆ ಮಾತ್ರ ಡ್ರಿಲ್ ಮಾಡಿ ಪ್ಲಗ್ ಹಾಕಿ ಸ್ಕ್ರೂ ತಿರುಗಿಸಿ, ಬಟ್ಟೆಯನ್ನು ರೀಪಿಗೆ ಕಟ್ಟಿ. ಎರಡು ತುದಿಗೆ ಮಾತ್ರ ಕಟ್ಟಿದರೆ ನಡುವೆ ಜೋತುಬಿದ್ದು ಹದಿನೆಂಟನೇ ಶತಮಾನ ನೆಲದ ಕಡೆಗೆ ಬಾಗುತ್ತದೆ. ಎತ್ತರ ಮಕ್ಕಳ ಕಣ್ಣಿನ ಮಟ್ಟಕ್ಕೆ ಇರಲಿ. ದೊಡ್ಡವರ ಎತ್ತರಕ್ಕೆ ಕಟ್ಟಿದ ಪಟವನ್ನು ಏಳನೇ ಕ್ಲಾಸಿನವರು ಮುಟ್ಟುವುದೂ ಇಲ್ಲ, ಓದುವುದೂ ಇಲ್ಲ.

ಈಗ ಕಾರ್ಡು. 8×8 ಸೆಂ.ಮೀ. ದಪ್ಪ ಕಾಗದ, ಮುಂದೆ ಇಸವಿ ಮತ್ತು ಎಂಟು ಪದ ಮೀರದ ಒಂದು ವಾಕ್ಯ, ಹಿಂದೆ ‘ಇದು ನಮಗೆ ಹೇಗೆ ಗೊತ್ತು?’ ಎಂಬ ಪ್ರಶ್ನೆಗೆ ಉತ್ತರ: ಶಾಸನವೋ, ಪತ್ರವೋ, ಸರಕಾರಿ ದಾಖಲೆಯೋ, ಫೋಟೋವೋ, ಹಿರಿಯರ ನೆನಪೋ. ಹಿಂಬದಿ ಖಾಲಿ ಇರುವ ಕಾರ್ಡನ್ನು ಗೋಡೆಗೆ ಏರಿಸಬಾರದು ಎಂದು ಕಟ್ಟುನಿಟ್ಟು ಮಾಡಿ. ಒಂದು ಪೀರಿಯಡಿಗೆ ಮೂರು ಕಾರ್ಡು ಸಾಕು. ಅಂಟಿಸಲು ಗೋಂದು ಬೇಡ, ಗುಂಡುಸೂಜಿಯೂ ಬೇಡ, ಅದೂ ತುಕ್ಕು. ಪಟ್ಟಿಯ ಮೇಲೂ ಕೆಳಗೂ ಮೂರು ಮೂರು ಸಾಲು ನೈಲಾನ್ ದಾರ ಅಡ್ಡಕ್ಕೆ ಹೊಲಿಸಿ, ಸಣ್ಣ ಪ್ಲಾಸ್ಟಿಕ್ ಕ್ಲಿಪ್ಪಿನಿಂದ ಕಾರ್ಡು ತೂಗಿಸಿ, ಕಾರ್ಡಿನಿಂದ ವರ್ಷದ ಗೀಟಿಗೆ ಬಣ್ಣದ ನೂಲು ಎಳೆಯಿರಿ. ಈ ನೂಲು ಇಲ್ಲದಿದ್ದರೆ 1919ರಿಂದ 1956ರ ನಡುವೆ ಕೆಲಸ ಕೆಡುತ್ತದೆ. ಅಲ್ಲಿ ಇರುವುದು 37 ಸೆಂ.ಮೀ. ಮಾತ್ರ, ಒಂದು ಸಾಲಿಗೆ ನಾಲ್ಕು ಕಾರ್ಡು, ಮೇಲೆ ಹನ್ನೆರಡು ಕೆಳಗೆ ಹನ್ನೆರಡು, ಅಷ್ಟೇ ಜಾಗ. ಯಾವ ಹನ್ನೆರಡು ಎಂದು ಮಕ್ಕಳೇ ವಾದ ಮಾಡಿ ಆರಿಸಬೇಕಾಗುತ್ತದೆ. ಜಾಗದ ಈ ಕೊರತೆಯೇ ಈ ಪಟದ ಅತಿ ದೊಡ್ಡ ಗುಣ. ಯಾವುದನ್ನು ಬಿಡಬೇಕು, ಯಾಕೆ ಬಿಡಬೇಕು ಎಂದು ಹೇಳಬಲ್ಲ ಹುಡುಗನಿಗೆ ಯಾವುದು ಮುಖ್ಯ ಎಂಬುದೂ ಗೊತ್ತಿರುತ್ತದೆ.

ಕೆಳಭಾಗ ತುಂಬುತ್ತಾ ಬಂದಂತೆ ಪಟ ತನ್ನ ಬೆಲೆ ತೋರಿಸುತ್ತದೆ. ಮೇಲೆ 1565, ರಕ್ಕಸತಂಗಡಿ ಯುದ್ಧ. ವಿಜಯನಗರದ ಹಿಡಿತ ಸಡಿಲಿದ ಮೇಲೆ ಕೆಳದಿಯ ನಾಯಕರು ಬಲಿತು ಕರಾವಳಿಗೆ ಇಳಿದರು. 85 ಸೆಂ.ಮೀ. ಬಲಕ್ಕೆ, ಕೆಳಗೆ, ಬೇಕಲ ಕೋಟೆ, ಸುಮಾರು 1650, ಶಿವಪ್ಪ ನಾಯಕನ ಕಾಲ. ‘ಸುಮಾರು’ ಇರುವಲ್ಲಿ ಕಾರ್ಡಿನ ನೂಲನ್ನು ಒಂದು ಗೀಟಿಗೆ ಕಟ್ಟಬೇಡಿ, ಹತ್ತು ಸೆಂ.ಮೀ. ಅಗಲದ ಬಟ್ಟೆ ತುಂಡಿಗೆ ಕಟ್ಟಿ, ಅಂಚು ಹರಿದಂತೆಯೇ ಇರಲಿ. ಖಚಿತ ಇಸವಿ ಯಾವುದು, ಅಂದಾಜು ಯಾವುದು ಎಂದು ದೂರದಿಂದಲೇ ತಿಳಿಯುತ್ತದೆ. ಸಿನಿಮಾ ಹಾಡಿನ ಕೋಟೆ ಎಂದು ಮಾತ್ರ ಬೇಕಲವನ್ನು ಬಲ್ಲವರಿಗೆ ಅದರ ಮೇಲೆ ಯಾವ ಕಾರ್ಡು ಇದೆ ಎಂದು ನೋಡಿದಾಗ ಆಶ್ಚರ್ಯ: ಆಗ ದೆಹಲಿಯಲ್ಲಿ ಷಹಜಹಾನ್. 1763ರಲ್ಲಿ ಹೈದರ್ ಕೆಳದಿಯವರ ರಾಜಧಾನಿ ಬಿದನೂರನ್ನು ಹಿಡಿದ, ಕರಾವಳಿ ಮೈಸೂರಿನದಾಯಿತು. ಅಲ್ಲಿಂದ 36 ಸೆಂ.ಮೀ.ಗೆ 1799ರ ಮೇ 4, ಶ್ರೀರಂಗಪಟ್ಟಣ ಬಿತ್ತು, ಕೆನರಾ ಎಂದು ಕರೆಯುತ್ತಿದ್ದ ಈ ಕರಾವಳಿ ಈಸ್ಟ್ ಇಂಡಿಯಾ ಕಂಪನಿಗೆ ಹೋಯಿತು, ಮೊದಲ ಕಲೆಕ್ಟರ್ ಥಾಮಸ್ ಮನ್ರೋ. ಮೇಲಿನ ಕಾರ್ಡು ಬಿದ್ದರೆ ಕೆಳಗಿನದಕ್ಕೆ ಅರ್ಥವಿಲ್ಲ, ಕೆಳಗಿನದಿಲ್ಲದಿದ್ದರೆ ಮೇಲಿನದು ನಮಗೆ ಸಂಬಂಧವಿಲ್ಲದ ಯುದ್ಧ.

1857ರ ಕಾರ್ಡನ್ನು ಮೇಲೆ ತೂಗಿಸಿದ ದಿನ ಅದರ 20 ಸೆಂ.ಮೀ. ಎಡಕ್ಕೆ, ಕೆಳಗೆ, 1837 ಇರಲಿ. ಕಂಪನಿಯ ವಿರುದ್ಧ ಎದ್ದ ಕಲ್ಯಾಣಪ್ಪನ ದಂಡು ಸುಳ್ಯದ ಕಡೆಯಿಂದ ಬಂದು ಮಂಗಳೂರನ್ನು ಹಿಡಿದ ವರ್ಷ. ‘ಪ್ರಥಮ ಸ್ವಾತಂತ್ರ್ಯ ಸಂಗ್ರಾಮ’ ಎಂಬ ತಲೆಬರಹದ ಬಗ್ಗೆ ಪ್ರಶ್ನೆ ಕ್ಲಾಸಿನಿಂದಲೇ ಏಳುತ್ತದೆ. 1862ರಲ್ಲಿ ಕೆನರಾದ ಉತ್ತರ ಭಾಗ ಬೊಂಬಾಯಿಗೆ ಹೋಯಿತು, ದಕ್ಷಿಣ ಭಾಗ ಮದ್ರಾಸಿನಲ್ಲೇ ಉಳಿಯಿತು. ಈ ಕಾರ್ಡು ಇಲ್ಲದೆ 1956 ಅರ್ಥವಾಗದು. 1930ರ ಏಪ್ರಿಲ್‌ಗೆ ಮೇಲೆ ದಂಡಿ, ಕೆಳಗೆ ಎರಡು ಕಾರ್ಡು ಬೇಕು: ಉತ್ತರಕ್ಕೆ ಅಂಕೋಲ, ದಕ್ಷಿಣಕ್ಕೆ ಕೆ. ಕೇಳಪ್ಪನ್ ಮುಂದಾಳಾಗಿದ್ದ ಪಯ್ಯನ್ನೂರಿನ ಉಪ್ಪಿನ ಸತ್ಯಾಗ್ರಹ. ಕನ್ನಡದ ಚಾರ್ಟಿನಲ್ಲಿ ಮೊದಲನೆಯದು ಮಾತ್ರ, ಮಲಯಾಳದ್ದರಲ್ಲಿ ಎರಡನೆಯದು ಮಾತ್ರ. ನಡುವಿನಲ್ಲಿರುವ ನಮಗೆ ಎರಡೂ ಹತ್ತಿರ.

ನಮ್ಮ ಜಿಲ್ಲೆಯ ದಕ್ಷಿಣದ ಹಳ್ಳಿ ಕಯ್ಯೂರಿನದು ಹೆಚ್ಚು ಸಮಯ ಕೇಳುವ ಕಾರ್ಡು. 1941ರ ಮಾರ್ಚ್ 28ರಂದು ರೈತರ ಮೆರವಣಿಗೆಯ ಎದುರು ಸಿಕ್ಕಿದ ಪೊಲೀಸನೊಬ್ಬ ಹೊಳೆಗೆ ಹಾರಿ ಸತ್ತ. 1943ರ ಮಾರ್ಚ್ 29ರಂದು ಮಠತ್ತಿಲ್ ಅಪ್ಪು, ಕೋಯಿತಾಟಿಲ್ ಚಿರುಕಂಡನ್, ಪೊಡೋರ ಕುಂಞಂಬು ನಾಯರ್, ಪಳ್ಳಿಕ್ಕಲ್ ಅಬೂಬಕರ್ ಎಂಬ ನಾಲ್ವರನ್ನು ಕಣ್ಣೂರು ಜೈಲಿನಲ್ಲಿ ಗಲ್ಲಿಗೇರಿಸಿದರು. ಐದನೆಯವನು ಪ್ರಾಯಪೂರ್ತಿಯಾಗದ ಹುಡುಗನಾದ್ದರಿಂದ ಗಲ್ಲು ತಪ್ಪಿತು. ಈ ಎರಡು ಸೆಂ.ಮೀ. ನಡುವೆ ಮೇಲ್ಭಾಗದಲ್ಲಿ 1942ರ ಕ್ವಿಟ್ ಇಂಡಿಯಾ ಇದೆ, ಮಹಾಯುದ್ಧ ಇದೆ. ಇಲ್ಲಿ ಅವಸರ ಮಾಡಬೇಡಿ. ಜಮೀನ್ದಾರಿ, ಗೇಣಿ, ಪೊಲೀಸ್ ದಬ್ಬಾಳಿಕೆ ಒಂದು ಕಡೆ, ಸತ್ತ ಪೊಲೀಸನೂ ಒಬ್ಬ ಮನುಷ್ಯ ಎಂಬುದು ಇನ್ನೊಂದು ಕಡೆ. ಹತ್ತನೇ ಕ್ಲಾಸಿನವರು ಎರಡನ್ನೂ ತೂಗಬಲ್ಲರು. ಘೋಷಣೆಯ ಧಾಟಿಯಲ್ಲಿ ಹೇಳಿ ಮುಗಿಸಿದರೆ ಆ ಅವಕಾಶ ಹೋಗುತ್ತದೆ.

1956ರ ಕಾರ್ಡಿನಲ್ಲಿ ಜಾಣತನ ಬೇಕು. ನವೆಂಬರ್ 1 ನಮ್ಮ ಶಾಲೆಗಳಲ್ಲಿ ಕೇರಳ ಪಿರವಿ, ಗಡಿಯಾಚೆ ರಾಜ್ಯೋತ್ಸವ. ಕಾರ್ಡಿನ ಮುಂದೆ ಘಟನೆ ಮಾತ್ರ ಇರಲಿ: ರಾಜ್ಯ ಪುನರ್ವಿಂಗಡಣೆ, ಕಾಸರಗೋಡು ತಾಲೂಕು ದಕ್ಷಿಣ ಕನ್ನಡದಿಂದ ಕೇರಳಕ್ಕೆ. 11 ಸೆಂ.ಮೀ. ಬಲಕ್ಕೆ 1967, ಚಂದ್ರಗಿರಿ ಹೊಳೆಯಿಂದ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕೆಂದ ಮಹಾಜನ ಆಯೋಗದ ವರದಿ, ಜಾರಿಯಾಗಲಿಲ್ಲ. ಇನ್ನೂ 17 ಸೆಂ.ಮೀ.ಗೆ 1984ರ ಮೇ 24, ಕಾಸರಗೋಡು ಜಿಲ್ಲೆ. ಅಭಿಪ್ರಾಯ ಹಿಂಬದಿಗೂ ಬೇಡ, ಹಿಂಬದಿ ಆಧಾರಕ್ಕೆ. ಅಭಿಪ್ರಾಯ ಕ್ಲಾಸಿನಲ್ಲಿ ಹೇಗೂ ಬರುತ್ತದೆ.

ಬದುಕುಗಳಿಗೆ ಕಾರ್ಡಿನ ಬದಲು ರಿಬ್ಬನ್ ಉಪಯೋಗಿಸಿ. ಬಟ್ಟೆ ಅಂಗಡಿಯಲ್ಲಿ ಸಿಗುವ ಸ್ಯಾಟಿನ್ ರಿಬ್ಬನ್, ಒಂದು ವರ್ಷಕ್ಕೆ ಒಂದು ಸೆಂ.ಮೀ. ಗಾಂಧೀಜಿ, 1869ರಿಂದ 1948, 79. ಕವಿ ಮಂಜೇಶ್ವರ ಗೋವಿಂದ ಪೈ, 1883ರಿಂದ 1963, 80. ಕವಿ ಕಯ್ಯಾರ ಕಿಞ್ಞಣ್ಣ ರೈ, 1915ರಿಂದ 2015, ಸರಿಯಾಗಿ ಒಂದು ಮೀಟರ್. ಟಿಪ್ಪುವಿನ ಆಳ್ವಿಕೆ ಬರೀ 17, ಚಾರ್ಟುಗಳಲ್ಲಿ ಆತನಿಗೆ ಸಿಗುವ ಜಾಗ ನೋಡಿದವರು ನಂಬುವುದಿಲ್ಲ. ಕೊನೆಗೆ ಪ್ರತಿ ಮಗುವೂ ತನ್ನ ರಿಬ್ಬನ್ ಮತ್ತು ಅಜ್ಜನದೋ ಅಜ್ಜಿಯದೋ ರಿಬ್ಬನ್ ಕತ್ತರಿಸಿ ತರಲಿ. 1950ರಲ್ಲಿ ಹುಟ್ಟಿದ ಅಜ್ಜಿಯ ರಿಬ್ಬನ್ ಮೊದಲ ಆರು ಸೆಂ.ಮೀ. ಮದ್ರಾಸ್ ರಾಜ್ಯದಲ್ಲಿ ಇರುತ್ತದೆ, ಮನೆ ಮಾತ್ರ ಅಲ್ಲೇ.

1490ಕ್ಕಿಂತ ಹಿಂದಿನದು? ಬಟ್ಟೆ ಮುಗಿದಲ್ಲಿಂದ ಹಗ್ಗ. ಕಿಟಕಿಯಿಂದ ಜಗಲಿಗೆ ಎಳೆಯಿರಿ. ವಿಜಯನಗರದ ಸ್ಥಾಪನೆ, 1336, ಒಂದೂವರೆ ಮೀಟರ್ ದೂರದಲ್ಲಿ, ಇನ್ನೂ ಕ್ಲಾಸಿನ ಒಳಗೇ. ಹಲ್ಮಿಡಿ ಶಾಸನ ಸುಮಾರು 450 ಎಂದು ಹಿಡಿದರೆ 10.4 ಮೀಟರ್, ಪಕ್ಕದ ಕ್ಲಾಸು. ಅಶೋಕನ ಕಳಿಂಗ ಯುದ್ಧ ಸುಮಾರು 17.5 ಮೀಟರ್, ಬಿಸಿಯೂಟದ ಅಡುಗೆಕೋಣೆಯ ಹತ್ತಿರ. ಹರಪ್ಪ 40 ಮೀಟರ್, ಆಟದ ಬಯಲಿನ ಆಚೆ ತುದಿ. ತೆಂಗಿನ ನಾರಿನ ಹಗ್ಗ ಸುಲಭದಲ್ಲಿ ಸಿಗುತ್ತದೆಂದು ಅದನ್ನು ತರಬೇಡಿ, ಎಳೆದಷ್ಟೂ ಉದ್ದವಾಗಿ ಅಶೋಕ ಜಾಗ ಬಿಟ್ಟು ಹೋಗುತ್ತಾನೆ. ಎಳೆತ ಕಡಿಮೆಯಿರುವ ಪಾಲಿಯೆಸ್ಟರ್ ಹಗ್ಗ ತನ್ನಿ, ಮೀಟರಿಗೊಂದು ಬಣ್ಣದ ಗಂಟು ಹಾಕಿ. ಮಳೆ ಬಿಟ್ಟ ದಿನ ಒಮ್ಮೆ ನಡೆಸಿದರೆ ಸಾಕು, ದಿನಾ ಕಟ್ಟಿಡುವ ವಸ್ತು ಅಲ್ಲ ಅದು.

ಕೊರತೆ ಇಲ್ಲವೆಂದಲ್ಲ. ಎರಡು ಮೂರು ಡಿವಿಷನ್‌ಗಳು ಒಂದೇ ಕೋಣೆ ಬಳಸುವಲ್ಲಿ ಕಾರ್ಡುಗಳು ಕಾಣೆಯಾಗುತ್ತವೆ, ಪ್ರತಿ ತಿಂಗಳೂ ಪಟದ ಫೋಟೋ ತೆಗೆದಿಡಬೇಕು. ಪಾಠ ಮುಗಿಸುವ ಒತ್ತಡವಿರುವ ಹತ್ತನೇ ಕ್ಲಾಸಿನಲ್ಲಿ ಇದನ್ನು ಶುರುಮಾಡಿದರೆ ಅರ್ಧಕ್ಕೆ ನಿಲ್ಲುತ್ತದೆ, ಎಂಟರಲ್ಲಿ ಶುರುಮಾಡಿ ಅದೇ ಮಕ್ಕಳ ಜೊತೆ ಮುಂದಿನ ಕ್ಲಾಸಿಗೆ ಒಯ್ಯುವುದು ಲೇಸು. ಒಂದೇ ಶಿಕ್ಷಕರು ಬೇರೆ ವಿಷಯಗಳನ್ನೂ ನೋಡಿಕೊಳ್ಳುವ ಸಣ್ಣ ಯು.ಪಿ. (ಹಿರಿಯ ಪ್ರಾಥಮಿಕ) ಶಾಲೆಗೆ 1850ರಿಂದ 2030ರವರೆಗಿನ ಆರಡಿ ತುಂಡು ಸಾಕು.

ಆರ್ಡರ್ ಕೊಡುವ ಹೊತ್ತು ನೋಡಿಕೊಳ್ಳಿ. ಫೆಬ್ರವರಿಯಿಂದ ಮೇವರೆಗೆ ಬ್ರಹ್ಮಕಲಶ, ಉರೂಸ್, ಕಳಿಯಾಟ, ನೇಮ ಎಂದು ಬ್ಯಾನರಿನವರಿಗೆ ಪುರುಸೊತ್ತೇ ಇಲ್ಲ, ಚುನಾವಣೆಯ ವರ್ಷವಾದರೆ ಕೇಳುವುದೇ ಬೇಡ. ಜುಲೈಯಲ್ಲಿ ಹೋದರೆ ಕೂತು ಅಳತೆ ನೋಡಿ ಮಾಡಿಕೊಡುತ್ತಾರೆ, ದರದಲ್ಲೂ ಸ್ವಲ್ಪ ಬಿಡುತ್ತಾರೆ. ಆಗಸ್ಟ್ 15ರ ಹಿಂದಿನ ವಾರ ಮಾತ್ರ ಬೇಡ.